ಮಧ್ಯಾಹ್ನ ಮಲಗಿಸಿದವರು

ನನಗೆ ದಿನಚರಿ ಬರೆಯುವ ಚಟ ಹತ್ತಿದ್ದು ನೆನಪಿನ ಮೇಲೆ ನಂಬಿಕೆ ಇಲ್ಲದ್ದರಿಂದ. ಇತಿಹಾಸ ಓದಿದವಳು ನಾನು. ಒಂದೇ ಬಾಯಿಂದ ಬಂದ ಮಾತನ್ನು ಒಪ್ಪಬೇಡಿ ಎಂದು ಕಾಲೇಜಿನಲ್ಲಿ ಹುಡುಗರಿಗೆ ಹೇಳುತ್ತಿರುತ್ತೇನೆ. ಆದರೂ ಒಂದು ವಿಷಯದಲ್ಲಿ ಮಾತ್ರ ನನ್ನ ಬಾಯಿಯನ್ನು ನಾನೇ ಪೂರ್ತಿ ನಂಬಿದ್ದೆ. ಹರಿಹರದ ತವರುಮನೆಯಲ್ಲಿ, ಚಿಕ್ಕವಳಿದ್ದಾಗ, ಮಧ್ಯಾಹ್ನದ ಹೊತ್ತು ನಾನು ಯಾರ ಹಂಗೂ ಇಲ್ಲದೆ ಕೆಂಪು ಗಾರೆಯ ನೆಲದ ಮೇಲೆ ಒಬ್ಬಳೇ ಮಲಗಿ ನಿದ್ದೆಹೋಗುತ್ತಿದ್ದೆ. ಕೆನ್ನೆಗೆ ತಾಗುವ ಆ ತಂಪು, ನೆಲದ ಮೇಲೆ ಬಿದ್ದ ಕಿಟಕಿ ಸರಳಿನ ನೆರಳು, ಹೊಳೆಯ ಕಡೆಯಿಂದ ಬರುವ ಬಟ್ಟೆ ಒಗೆಯುವ ಸದ್ದು, ಎಲ್ಲ ನಿನ್ನೆ ಮೊನ್ನೆಯವೆಂಬಂತಿವೆ.

ಈ ನೆನಪನ್ನು ನಾನು ಹೊರಗೆ ತೆಗೆದದ್ದು ಅತ್ತೆಯ ಜೊತೆ ವಾದಕ್ಕೆ. ನಮ್ಮ ದಾವಣಗೆರೆ ಮನೆಯಲ್ಲಿ ಒಂದೂವರೆ ವರ್ಷದ ಮಗ ಗುಂಡ ಹುಟ್ಟಿದಾಗಿನಿಂದ ಹಗಲು ಮಲಗಿದ್ದು ಅವರ ಕಾಲ ಮೇಲೆಯೇ. ಗೋಡೆಗೆ ಒರಗಿ ಕಾಲು ನೀಡಿ ಕೂರುವುದು, ಕಾಲ ಮೇಲೊಂದು ದಿಂಬು, ದಿಂಬಿನ ಮೇಲೆ ಗುಂಡ. ಪಾದಗಳು ಅತ್ತ ಇತ್ತ ತೂಗುತ್ತಿದ್ದರೆ ನಿದ್ದೆ ತಾನೇ ಬರುತ್ತಿತ್ತು. ಈಗ ಗುಂಡ ಹೆಸರಿಗೆ ತಕ್ಕಂತೆ ಬೆಳೆದಿದ್ದಾನೆ, ಅತ್ತೆಯ ಮೊಣಕಾಲು ಸವೆದಿವೆ. ಆಪರೇಶನ್ ಮಾಡಿಸದಿದ್ದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಯಿತು. ಅತ್ತೆಯದು ಒಂದೇ ಉತ್ತರ: "ನಾ ಹೋಗಿ ಆಸ್ಪತ್ರ್ಯಾಗ ಮಲಗಿದ್ರೆ ಇವನ್ನ ಯಾರು ಮಲಗಸ್ತಾರೆ?"

ಹಾಗಾಗಿ ಬೇಸಿಗೆ ರಜೆಯಲ್ಲಿ, ಸುತ್ತ ಮರದ ಸರಳುಗಳಿರುವ ಪುಟ್ಟ ಮಂಚವೊಂದು ಮನೆಗೆ ಬಂತು. ಅತ್ತೆ ಅದನ್ನು ಸುತ್ತುಹಾಕಿ ನೋಡಿದರು. "ಏನ್ ಕಳ್ಳತನ ಮಾಡ್ಯಾನೆ ಅಂತ ನನ್ನ ಮೊಮ್ಮಗನ್ನ ಕಟಕಟ್ಯಾಗ ನಿಲ್ಲಸ್ತೀಯವ್ವ?" ಎಂದರು.

"ಮಕ್ಕಳು ತಾವೇ ಮಲಗ್ತಾವ್ರಿ ಅತ್ತೆ, ಸುಮ್ಮನೆ ಬಿಡಬೇಕು. ನನ್ನ ಯಾರು ಮಲಗಿಸ್ತಿದ್ರು?" ಎಂದು ನಾನು ಗಾರೆ ನೆಲದ ಕಥೆ ಹೇಳಿದೆ.

ಗುಂಡ ಆ ಕಥೆಗೆ ಮರುಳಾಗಲಿಲ್ಲ. ಮಂಚದಲ್ಲಿ ಇಳಿಸಿದೊಡನೆ ಎದ್ದು ಸರಳು ಹಿಡಿದು ನಿಂತು, ಚುನಾವಣೆಗೆ ನಿಂತವನಂತೆ ಎಲ್ಲರಿಗೂ ಕೈಬೀಸಿದ. ಅತ್ತೆಯ ಕಾಲ ಮೇಲೆ ಮಲಗಿಸಿ, ನಿದ್ದೆ ಹತ್ತಿದ ಮೇಲೆ ಕಳ್ಳಹೆಜ್ಜೆಯಲ್ಲಿ ತಂದು ಇಳಿಸಿದರೆ ಬೆನ್ನು ಹಾಸಿಗೆಗೆ ತಾಗುವ ಮೊದಲೇ ಕಣ್ಣು ಬಿಟ್ಟ. ಫೋನಿನಲ್ಲಿ ಸಿಕ್ಕ ಸಲಹೆಗಳನ್ನೆಲ್ಲ ಮಾಡಿ ನೋಡಿದೆ. ನಿದ್ದೆ ಮಲೆಬೆನ್ನೂರು ಬಸ್ಸಿನ ಹಾಗೆ. ಬಂದಾಗ ಬರುತ್ತದೆ. ನಾವು ಸ್ಟಾಪಿನಲ್ಲಿ ನಿಂತು ಎಷ್ಟು ಇಣುಕಿದರೂ ಬೇಗ ಬರುವುದಿಲ್ಲ.

ಆ ದಿನಗಳಲ್ಲೇ ಅವ್ವ ಹರಿಹರದಿಂದ ಬಂದಳು. ಅತ್ತೆ ನನ್ನ ಬಾಲ್ಯದ ಪ್ರತಾಪವನ್ನು ಅವಳ ಮುಂದಿಟ್ಟು, "ಹೌದೇನ್ರಿ ಅಕ್ಕಾರೆ, ನಿಮ್ ಮಗಳು ತಾನೇ ಮಲಗ್ತಿದ್ಲಂತೆ?" ಎಂದು ವಿಚಾರಿಸಿದರು.

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಇವಳಾ? ಮಲಗೋದಾ? ಊರು ಒಂದು ಮಾಡ್ತಿದ್ಲು. ಇವರಪ್ಪ ಊಟಕ್ಕೆ ಅಂತ ಮನೀಗೆ ಬರೋರು, ತುತ್ತು ಬಾಯಿಗೆ ಹಾಕ್ಕೊಂಡು ಇವಳನ್ನ ಸೈಕಲ್ ಮುಂದೆ ಕೂರಿಸ್ಕೊಂಡು, ತಲಿಗೆ ಒದ್ದಿ ಟವೆಲ್ ಹಾಕಿ, ಹೊಳಿ ಸೇತುವೆ ತನಕ ಹೋಗಿ ಬರೋರು. ಅಂಥಾ ಬಿಸಲಾಗ! ವಾಪಸ್ ಬರೋವಾಗ ಕತ್ತು ವಾಲಿಸಿರೋಳು. ತಂದು ನೆಲದ ಮ್ಯಾಲೆ ಮಲಗಿಸಿ ಮತ್ತೆ ಕೆಲಸಕ್ಕೆ ಓಡೋರು."

ಅಪ್ಪ ಹೋಗಿ ಬಹಳ ವರ್ಷವಾಯಿತು. ಅವರ ಬಗ್ಗೆ ಹೊಸದಾಗಿ ತಿಳಿಯುವುದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ನನಗೆ ನೆನಪಿದ್ದದ್ದು ಮಲಗಿದ್ದಲ್ಲ, ಎಚ್ಚರವಾದದ್ದು. ಎದ್ದಾಗ ನೆಲವಿತ್ತು, ತಂಪಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅಷ್ಟರಿಂದಲೇ ನಾನು ಸ್ವತಂತ್ರಳೆಂದು ತೀರ್ಮಾನಿಸಿಬಿಟ್ಟಿದ್ದೆ. ಹರಿಹರದ ಗುಡಿಯ ಶಾಸನಗಳಲ್ಲಿ ಯಾವ ದೊರೆ ಯಾರಿಗೆ ಎಷ್ಟು ಭೂಮಿ ದಾನ ಬಿಟ್ಟ ಎಂಬುದಿದೆ. ಅದೇ ದೊರೆ ಕೂಸಾಗಿದ್ದಾಗ ಅವನನ್ನು ಹೆಗಲಿಗೆ ಹಾಕಿಕೊಂಡು ಅಂಗಳ ತುಂಬ ತಿರುಗಿದವಳ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಮಲಗಿಸುವ ಕೆಲಸ ಚೆನ್ನಾಗಿ ಆದಷ್ಟೂ ಅದನ್ನು ಮಾಡಿದವರು ಕಾಣೆಯಾಗುತ್ತಾರೆ. ಈಗ ಬರೆಯುವಾಗ ಸೈಕಲ್ ಹ್ಯಾಂಡಲಿನ ಬಿಸಿ ಅಂಗೈಗೆ ತಾಗಿದಂತೆನಿಸುತ್ತಿದೆ. ಇದು ನೆನಪೋ, ಅವ್ವ ಹೇಳಿದ ಮೇಲೆ ನಾನೇ ತಯಾರಿಸಿಕೊಂಡದ್ದೋ ಆಣೆ ಮಾಡಿ ಹೇಳಲಾರೆ. ಸುಳ್ಳಾದರೂ ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಅಂದು ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ, "ಅಂದ್ರೆ ಇವನಿಗೂ ನನ್ನ ಕಾಲು ನೆನಪಿರಲ್ಲ ಅನ್ನು," ಎಂದರು. ಆಪರೇಶನ್ ಮುಂದೂಡುತ್ತಾ ಬಂದದ್ದು ಹೆದರಿಕೆಯಿಂದ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಈ ಮಂಚ ಗೆದ್ದರೆ ತಾನು ಆ ಮಗುವಿಗೆ ಏನಾಗುತ್ತೇನೆ ಎಂಬ ಪ್ರಶ್ನೆ ಅವರದು.

ಮರುದಿನ ಅವರೇ ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡರು. ಗುಂಡನನ್ನು ಒಳಗೆ ಕೂರಿಸಿ, ಸರಳಿನ ಸಂದಿಯಿಂದ ಕೈ ತೂರಿಸಿ, "ಅಜ್ಜಿಗೆ ಕಾಲು ನೋಯ್ತೈತೆ ಕಣಪ್ಪ. ಇವತ್ತು ನೀನೇ ನನ್ನ ಮಲಗಸು," ಎಂದು ಕಣ್ಣು ಮುಚ್ಚಿದರು. ಗುಂಡ ಒಂದು ಕ್ಷಣ ಯೋಚಿಸಿದ. ಮನೆಯಲ್ಲಿ ಅವನಿಗೆ ಅದುವರೆಗೆ ಯಾರೂ ಜವಾಬ್ದಾರಿ ಕೊಟ್ಟಿರಲಿಲ್ಲ. ಅಜ್ಜಿಯ ಕೈಯನ್ನು ಪಟಪಟನೆ ತಟ್ಟತೊಡಗಿದ. ತಟ್ಟುತ್ತಾ ತಟ್ಟುತ್ತಾ ಕೈ ನಿಧಾನವಾಯಿತು, ಕೂತವನು ವಾಲಿದ, ವಾಲಿದವನು ಹಾಗೇ ಮಲಗಿದ. ಅತ್ತೆ ಒಂದೇ ಕಣ್ಣು ತೆರೆದು ನನ್ನತ್ತ ನೋಡಿದರು. ಅದರಲ್ಲಿ ಗೆಲುವಿತ್ತು, ಇನ್ನೇನೋ ಸ್ವಲ್ಪ ಇತ್ತು.

ಅದೇ ರೂಢಿಯಾಯಿತು. ಒಂದು ವಾರ ನೋಡಿ, "ಆತು, ಡಾಕ್ಟ್ರಿಗೆ ಫೋನ್ ಮಾಡ್ರಿ. ರಜಾ ಮುಗಿಯೋದ್ರಾಗೆ ಆಗಿಬಿಡ್ಲಿ," ಎಂದು ಅವರೇ ಹೇಳಿದರು.

ಆಸ್ಪತ್ರೆಗೆ ಹೊರಡುವ ಹಿಂದಿನ ಮಧ್ಯಾಹ್ನ ಕೋಣೆಯಲ್ಲಿ ಇಣುಕಿದೆ. ಗುಂಡ ಎಚ್ಚರವಾಗಿಯೇ ಇದ್ದ. ಅತ್ತೆ ಕುರ್ಚಿಯಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವನು ಸದ್ದಿಲ್ಲದೆ, ಬಹಳ ಜತನದಿಂದ, ಅವರ ಕೈ ತಟ್ಟುತ್ತಲೇ ಇದ್ದ. ನನ್ನ ಕಾಲಿಗೆ ಬಾಗಿಲು ತಾಗಿ ಸದ್ದಾಯಿತು. ಅತ್ತೆ ಬೆಚ್ಚಿ ಎದ್ದು ಸೆರಗು ಸರಿಮಾಡಿಕೊಂಡರು.

"ಚಲೋ ನಿದ್ದೆ ಬಂತೇನ್ರಿ ಅತ್ತೆ?"

"ನನಗೆಲ್ಲಿ ನಿದ್ದೆನವ್ವ? ಸುಮ್ನೆ ಕಣ್ಣು ಮುಚ್ಚಿದ್ದೆ."

ಗುಂಡ ಅಜ್ಜಿಯ ಮುಖ ನೋಡಿದ, ನನ್ನ ಮುಖ ನೋಡಿದ. ಮಾತು ಬಂದಿದ್ದರೆ ತಕರಾರು ಮಾಡುತ್ತಿದ್ದನೇನೋ. ಬರದ ಕಾರಣ, ಮಲಗಿಸಿದವರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಸುಮ್ಮನಿದ್ದ.