ಆಪಾ ತಂದ ಕ್ಯಾಮೆರಾ

ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯುವುದು ನನ್ನ ಕೆಲಸ. ಆರ್.ಟಿ. ನಗರ, ಹೆಬ್ಬಾಳ, ತಣಿಸಂದ್ರದ ಕಡೆ ನಮ್ಮ ಜನರ ಶಾದಿ ಮಹಲುಗಳಲ್ಲಿ ಗಂಡಸು ಫೋಟೊಗ್ರಾಫರ್‌ಗಳು ಪರದೆಯ ಆಚೆಗೇ ನಿಲ್ಲಬೇಕು. ಈಚೆಗೆ ನಾನೊಬ್ಬಳು. ಕೆಲಸ ಮುಗಿದ ಮೇಲೆ ಫೋಟೊಗಳನ್ನೆಲ್ಲ ಹುಡುಗಿಯ ತಾಯಿಯ ಕೈಗೆ ಒಪ್ಪಿಸಿ, ಅವರ ಕಣ್ಣೆದುರಿಗೇ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಿ ತೋರಿಸುತ್ತೇನೆ. ಆ ನಂಬಿಕೆಯ ಮೇಲೇ ನನಗೆ ಕೆಲಸ ಸಿಗುವುದು.

ಆಗ ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. ಬೆಳಕು ಚೆನ್ನಾಗಿದ್ದರೆ ತೊಂದರೆ ಇರಲಿಲ್ಲ. ಆದರೆ ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಕೇಳುವುದು ಸಾಮಾನ್ಯವಾಗಿ ಒಳಗಿನ ಯಾವುದೋ ಮಬ್ಬು ಕೋಣೆಯಲ್ಲಿ. ಅವಳು ತಲೆ ತಗ್ಗಿಸಿ ಅಳುತ್ತಿರುತ್ತಾಳೆ. ಆ ಹೊತ್ತಿನಲ್ಲಿ ಮುಖಕ್ಕೆ ಫ್ಲ್ಯಾಶ್ ಹೊಡೆಯಲು ನನಗೆ ಎಂದೂ ಮನಸ್ಸು ಬಂದಿಲ್ಲ. ಫ್ಲ್ಯಾಶ್ ಇಲ್ಲದೆ ತೆಗೆದ ಫೋಟೊಗಳನ್ನು ನೋಡಿ ತಣಿಸಂದ್ರದ ಒಬ್ಬ ತಾಯಿ, "ನನ್ನ ಮಗಳ ಮುಖದ ಮೇಲೆ ಮರಳು ಎರಚಿದ ಹಾಗಿದೆಯಲ್ಲಮ್ಮ" ಎಂದು ಆಲ್ಬಮ್ ನನ್ನ ಕಡೆ ತಳ್ಳಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಮಬ್ಬಿನಲ್ಲೂ ಮುಖ ಸ್ಪಷ್ಟವಾಗಿ ಬರುವ ಕ್ಯಾಮೆರಾ ಯಾವುದೆಂದು ನನಗೆ ಗೊತ್ತಿತ್ತು. ಅದರ ಬೆಲೆಯೂ ಗೊತ್ತಿತ್ತು. ನಾನು ಆಗಾಗ ಲೆನ್ಸ್ ಬಾಡಿಗೆಗೆ ತರುತ್ತಿದ್ದ ಅಂಗಡಿಯವನು ಒಂದು ದಿನ ಹೇಳಿದ: "ಇಲ್ಲಿ ಯಾಕ್ ತಗೋತೀರಾ ಮೇಡಂ? ನಿಮ್ಮ ಅಕ್ಕ ದುಬೈಲಿ ಇದಾರಲ್ಲ, ಅವ್ರ ಕೈಲಿ ತರ್ಸಿ. ಒಂದು ಸ್ಕೂಟರ್ ತಗೊಳ್ಳೋ ಅಷ್ಟು ದುಡ್ಡು ಉಳಿಯುತ್ತೆ. ಬಾಕ್ಸು, ಬಿಲ್ಲು ಅಲ್ಲೇ ಬಿಸಾಕಿ, ಕೊರಳಿಗೆ ಹಾಕ್ಕೊಂಡು ಆರಾಮಾಗಿ ನಡ್ಕೊಂಡ್ ಬಂದ್ರೆ ಕಸ್ಟಮ್ಸ್‌ನಲ್ಲಿ ತೆರಿಗೆ ಯಾರ್ ಕೇಳ್ತಾರೆ?"

ಅಕ್ಕನನ್ನು ನಾವು ಆಪಾ ಅನ್ನುತ್ತೇವೆ. ಮನೆಯಲ್ಲಿ ನಮ್ಮ ಮಾತು ದಖ್ನಿ. ಕನ್ನಡ ನನಗೆ ಬಂದದ್ದು ಸರ್ಕಾರಿ ಶಾಲೆಯಿಂದ, ಬರೆಯಲು ಬರುವುದು ಅದೊಂದೇ. ಆಪಾ ನನಗಿಂತ ಒಂಬತ್ತು ವರ್ಷ ದೊಡ್ಡವಳು, ದುಬೈಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಕ್ಯಾಮೆರಾದ ಮಾತೆತ್ತಿದಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ರಂಜಾನ್‌ಗೆ ಬರ್ತೀನಲ್ಲ, ಆಗ ತರ್ತೀನಿ. ಅರ್ಧ ದುಡ್ಡು ನಂದು" ಎಂದಳು. ನನ್ನ ಅರ್ಧವನ್ನು ಕಳಿಸಿಕೊಟ್ಟೆ. ಬಾಕ್ಸ್ ಬಿಸಾಕುವುದು, ಕೊರಳಿಗೆ ಹಾಕಿಕೊಳ್ಳುವುದು, ಕೇಳಿದರೆ ಮೂರು ವರ್ಷದಿಂದ ನನ್ನದೇ ಎನ್ನುವುದು, ಎಲ್ಲವನ್ನೂ ಹೇಳಿಕೊಟ್ಟವಳು ನಾನು.

ರಂಜಾನ್‌ಗೆ ಇನ್ನೂ ಎರಡು ತಿಂಗಳು ಇರುವಾಗಲೇ ನಮ್ಮ ತಂದೆ, ಅಬ್ಬಾ, ಕಾಯಿಲೆ ಬಿದ್ದು ಮಲಗಿಬಿಟ್ಟರು. ಅಬ್ಬಾ ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದವರು. ಚೀಲಗಳ ಧೂಳಿನಲ್ಲೇ ಕೂತು ಕೂತು ಶ್ವಾಸಕೋಶ ಕೆಟ್ಟಿತ್ತು. ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಡಾಕ್ಟರು ನನ್ನನ್ನೂ ಅಮ್ಮಿಯನ್ನೂ ಹೊರಗೆ ಕರೆದು, "ಯಾರಾದ್ರೂ ಬರೋರಿದ್ರೆ ಬರ್ಲಿಕ್ಕೆ ಹೇಳ್ಬಿಡಿ" ಅಂದರು.

ಆಪಾಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ. ಆಕ್ಸಿಜನ್ ಎಷ್ಟು ತೋರಿಸುತ್ತಿದೆ, ಯಾವ ಔಷಧಿ ಹೋಗುತ್ತಿದೆ ಎಂದು ಒಂದೊಂದಾಗಿ ಕೇಳಿದಳು. "ನಾಳೆ ಬೆಳಗಿನ ಫ್ಲೈಟ್‌ಗೆ ಬರ್ತೀನಿ" ಎಂದಳು. ಆಮೇಲೆ ಕೇಳಿದಳು: "ನಿನ್ನ ಕ್ಯಾಮೆರಾ? ತಗೊಳ್ಳೋದಾ, ಬಿಡೋದಾ?"

ಬೇಡ ಅನ್ನಬೇಕಿತ್ತು. ಒಂದೇ ಮಾತು. ಆದರೆ ಮುಂದಿನ ತಿಂಗಳು ಎರಡು ಮದುವೆ ಒಪ್ಪಿಕೊಂಡಿದ್ದೆ. "ದಾರೀಲಿ ಅಂಗಡಿ ಸಿಕ್ಕಿದ್ರೆ ತಗೋ ಆಪಾ, ಇಲ್ಲಾಂದ್ರೆ ಬೇಡ" ಎಂದೆ. ನಾನು ಹಾಗೆ ಹೇಳಿದರೆ ಅವಳು ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು.

ಮರುದಿನ ಒಂಬತ್ತೂವರೆಗೆ ವಿಮಾನ ಇಳಿಯಿತು. ಬಾಡಿಗೆ ಕಾರು ಮಾಡಿಕೊಂಡು ನಾನು ಮೊದಲೇ ಹೋಗಿ ಹೊರಬಾಗಿಲಲ್ಲಿ ನಿಂತಿದ್ದೆ. ಹತ್ತೂಕಾಲಿನ ಹೊತ್ತಿಗೆ ಅದೇ ವಿಮಾನದ ಜನ ಟ್ರಾಲಿ ತಳ್ಳಿಕೊಂಡು ಬರತೊಡಗಿದರು. ಹನ್ನೊಂದಕ್ಕೆ ಬರುವವರು ನಿಂತರು. ಆಪಾ ಇಲ್ಲ. ಅವಳ ದುಬೈ ನಂಬರು ಇಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕಾವಲಿಗಿದ್ದವನನ್ನು ಕೇಳಿದರೆ, "ಒಳಗೆ ಬಿಡಲ್ಲಮ್ಮ, ಬರ್ತಾರೆ ಇರಿ" ಅಂದ.

ಅಷ್ಟರಲ್ಲಿ ಅಮ್ಮಿಯ ಫೋನ್ ಬಂತು. "ಎಲ್ಲಿದ್ದೀರಿ? ಎಚ್ಚರ ಇದೆ ಅವ್ರಿಗೆ. ಬಾಗಿಲು ತೆರೆದಾಗೆಲ್ಲ ನೋಡ್ತಾರೆ."

"ಬಂದ್ವಿ ಅಮ್ಮಿ. ಬ್ಯಾಗ್ ಬರೋದು ಲೇಟ್ ಆಗ್ತಿದೆ."

ಆ ಸುಳ್ಳು ಯಾಕೆ ಬಾಯಿಗೆ ಬಂತೋ ತಿಳಿಯದು. ಆಪಾ ಎಲ್ಲಿ ಸಿಕ್ಕಿಬಿದ್ದಿದ್ದಾಳೆ ಎಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು ಅನ್ನಿಸುತ್ತದೆ.

ಹನ್ನೆರಡೂ ಹತ್ತಕ್ಕೆ ಅಮ್ಮಿ ಮತ್ತೆ ಫೋನ್ ಮಾಡಿದಳು. ಈ ಸಲ ಏನನ್ನೂ ಕೇಳಲಿಲ್ಲ. "ಹೋಗ್ಬಿಟ್ರು" ಅಂದಳು. ಹಿಂದೆ ಯಾರೋ ಕುರಾನ್ ಓದುತ್ತಿದ್ದದ್ದು ಕೇಳಿಸಿತು.

ಆಪಾ ಹೊರಗೆ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಕ್ಯಾಮೆರಾ ಕೊರಳಲ್ಲಿತ್ತು. ನನ್ನನ್ನು ನೋಡಿದವಳೇ ಅದನ್ನು ಎದೆಯಿಂದ ಸ್ವಲ್ಪ ಎತ್ತಿ ತೋರಿಸಿ ನಕ್ಕಳು. "ಬಿಡಿಸ್ಕೊಂಡು ಬಂದೆ. ನಡಿ, ಬೇಗ ನಡಿ. ಅಬ್ಬಾ ಹೇಗಿದ್ದಾರೆ?"

"ನಡಿ" ಎಂದಷ್ಟೇ ಹೇಳಿ ಅವಳ ಬ್ಯಾಗು ಎತ್ತಿಕೊಂಡೆ.

ಕಾರಿನಲ್ಲಿ ಅವಳೇ ಮಾತಾಡಿದಳು. ತೆರಿಗೆ ಕಟ್ಟುವ ಸಾಮಾನು ಇಲ್ಲದವರು ಹೋಗುವ ಹಸಿರು ದಾರಿಯಲ್ಲಿ ಬರುವಾಗ ಕಸ್ಟಮ್ಸ್‌ನ ಒಬ್ಬ ಆಫೀಸರು ಕರೆದು, ಕ್ಯಾಮೆರಾ ಯಾರದು ಎಂದರಂತೆ. ನಂದೇ, ಮೂರು ವರ್ಷ ಆಯ್ತು ಎಂದಳಂತೆ. "ಹಾಗಾದ್ರೆ ಒಂದು ಫೋಟೊ ತೆಗೀರಿ ಮೇಡಂ, ನೋಡೋಣ" ಎಂದು ಅವರು ಎದುರಿಗೆ ನಿಂತರಂತೆ. "ಅದನ್ನ ಆನ್ ಮಾಡೋದು ಎಲ್ಲಿ ಅಂತಾನೇ ಗೊತ್ತಾಗ್ಲಿಲ್ಲ ಕಣೇ. ಅಲ್ಲಿ ಇಲ್ಲಿ ಒತ್ತಿದೆ. ಲೆನ್ಸ್ ಮುಚ್ಚಳಾನೂ ತೆಗೆದಿರ್ಲಿಲ್ಲ. ಹಿಂದೆ ಇದ್ದ ಜನ ನಗ್ತಿದ್ರು."

ಹದಿನೆಂಟು ವರ್ಷ ರೋಗಿಗಳ ನರ ಹುಡುಕಿ ಸೂಜಿ ಹಾಕಿದವಳು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ.

ಆಫೀಸರು ಕೆಟ್ಟವರೇನಲ್ಲ ಎಂದೂ ಅವಳೇ ಹೇಳಿದಳು. ಮೊದಲೇ ನಿಜ ಹೇಳಿ ತೆರಿಗೆ ಕಟ್ಟಿದ್ದರೆ ಸ್ವಲ್ಪ ಹೊತ್ತಿನ ಕೆಲಸ, ಸುಳ್ಳು ಹೇಳಿದ್ದಕ್ಕೆ ದಂಡ, ಹೇಳಿಕೆ, ದೊಡ್ಡ ಸಾಹೇಬರ ಸಹಿ ಅಂತೆಲ್ಲ ಆಯಿತು. ತಂದೆ ಆಸ್ಪತ್ರೆಯಲ್ಲಿದ್ದಾರೆ ಎಂದಾಗ, "ಕ್ಯಾಮೆರಾ ಇಲ್ಲೇ ಬಿಟ್ಟು ರಸೀದಿ ತಗೊಂಡು ಹೋಗಿ, ಆಮೇಲೆ ಬಂದು ಬಿಡಿಸ್ಕೊಳ್ಳಿ" ಎಂದೂ ಅವರು ಹೇಳಿದರಂತೆ.

"ಮತ್ಯಾಕೆ ಬಿಟ್ಟು ಬರ್ಲಿಲ್ಲ ಆಪಾ?"

"ಬಿಟ್ಟು ಬಂದ್ರೆ ಸಿಗುತ್ತೋ ಇಲ್ವೋ. ನೀನು ಎಷ್ಟು ದಿನದಿಂದ ಆಸೆಪಟ್ಟಿದ್ದೆ." ಆಸ್ಪತ್ರೆಗೆಂದು ತಂದಿದ್ದ ದುಡ್ಡಿನಲ್ಲೇ ತೆರಿಗೆ, ದಂಡ ಎಲ್ಲವನ್ನೂ ಕಟ್ಟಿದ್ದಳು. ಅಲ್ಲಿದ್ದ ಯಾರದಾದರೂ ಫೋನ್ ಕೇಳಿ ನನಗೆ ತಿಳಿಸಬಹುದಿತ್ತಲ್ಲ ಎಂದರೆ, ನಿನ್ನ ನಂಬರು ಕೊಟ್ಟರೆ ನಿನ್ನನ್ನೂ ಒಳಗೆ ಕರೆಸುತ್ತಾರೇನೋ ಎಂದು ಹೆದರಿದೆ ಎಂದಳು.

ಯಲಹಂಕ ದಾಟುವಾಗ ಅವಳ ಮಾತು ನಿಂತಿತು. ನಾನು ಒಂದು ಸಲವೂ ಅಬ್ಬಾ ವಿಷಯ ಎತ್ತಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆದಿರಬೇಕು. ಡ್ರೈವರು ರೇಡಿಯೊ ಹಾಕಲು ಕೈ ಚಾಚಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಆಪಾ ಪಟ್ಟಿಯನ್ನು ಕೊರಳಿಂದ ತೆಗೆದು ಕ್ಯಾಮೆರಾವನ್ನು ನನ್ನ ತೊಡೆಯ ಮೇಲಿಟ್ಟಳು.

ಆಸ್ಪತ್ರೆಯಲ್ಲಿ ಅವಳು ನೇರ ಅಬ್ಬಾ ಹತ್ತಿರ ಹೋಗಿ ಮಣಿಕಟ್ಟು ಹಿಡಿದು ನಿಂತಳು. ನಾಡಿ ನೋಡುವ ಹಾಗೆಯೇ ಹಿಡಿದಿದ್ದಳು. ಕೆನ್ನೆಯ ಮೇಲೆ ಪ್ಲಾಸ್ಟರ್ ಅಂಟಿದ್ದ ಗುರುತನ್ನು ಒದ್ದೆ ಹತ್ತಿಯಿಂದ ಒರೆಸಿದಳು. ಅಮ್ಮಿ ಅವಳ ಭುಜಕ್ಕೆ ಒರಗಿಕೊಂಡು ಅಳುತ್ತಿದ್ದರೂ ಅವಳು ಅಳಲಿಲ್ಲ. ಎಷ್ಟು ಹೊತ್ತಿಗೆ ಎಂದು ನರ್ಸನ್ನು ಕೇಳಿದಳು. ಹನ್ನೊಂದೂವರೆಯವರೆಗೂ ಎಚ್ಚರವಿತ್ತು ಎಂದು ಆ ಹುಡುಗಿ ಹೇಳಿದಳು. ಆಪಾ ನನ್ನ ಕಡೆ ತಿರುಗಿ ಮೆಲ್ಲಗೆ, "ನೇರ ಬಂದಿದ್ರೆ ಹನ್ನೊಂದಕ್ಕೆ ಇಲ್ಲಿರ್ತಿದ್ದೆ, ಅಲ್ವಾ?" ಎಂದಳು.

ಹೌದು ಎಂದೆ. ಅಷ್ಟಾದರೂ ನಿಜ ಹೇಳಬೇಕಿತ್ತು.

ಅದೇ ಸಂಜೆ ಮಗ್ರಿಬ್ ನಮಾಜಿನ ನಂತರ ಮಣ್ಣು ಮಾಡಿದರು. ಹೆಂಗಸರು ನಾವು ಮನೆಯ ಬಾಗಿಲಲ್ಲೇ ಬೀಳ್ಕೊಟ್ಟೆವು. ಎರಡು ವಾರದ ರಜೆ ಮುಗಿಸಿ ಆಪಾ ವಾಪಸ್ ಹೋದಳು. ಹೋಗುವ ಹಿಂದಿನ ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ, ಕ್ಯಾಮೆರಾ ಮಾರಿಬಿಡುತ್ತೇನೆ ಎಂದೆ. ಅವಳು ಬಟ್ಟೆ ಕೊಡವುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು.

"ಮಾರ್ಬೇಡ. ಮಾರಿದ್ರೆ ನಾನು ಅಲ್ಲಿ ಮೂರು ಗಂಟೆ ಕೂತಿದ್ದು ಯಾತಕ್ಕೆ?"

ಮಾರಲಿಲ್ಲ. ಒಪ್ಪಿಕೊಂಡಿದ್ದ ಮದುವೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಕೈಯಲ್ಲಿ ದುಡ್ಡಿಲ್ಲದಾದಾಗ ಅದನ್ನೇ ತೆಗೆದುಕೊಂಡು ಕೆಲಸಕ್ಕೆ ಹೊರಟೆ. ಮಬ್ಬು ಕೋಣೆಯಲ್ಲಿ, ತಂದೆಯ ಎದುರು ಒಪ್ಪಿಗೆ ಹೇಳುತ್ತ ಅಳುತ್ತಿದ್ದ ಹುಡುಗಿಯ ಒಂದೊಂದು ರೆಪ್ಪೆಯೂ ಚೊಕ್ಕವಾಗಿ ಬಂತು. ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡು ದುವಾ ಕೊಟ್ಟರು. ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಈಗ ನನಗೆ ಮೊದಲಿಗಿಂತ ಹೆಚ್ಚು ಕೆಲಸವಿದೆ. ಒಳ್ಳೆಯ ಫೋಟೊ ಬಂದಾಗಲೆಲ್ಲ ಸ್ವಲ್ಪ ನಾಚಿಕೆಯಾಗುತ್ತದೆ.

ಅಮ್ಮಿಗೆ ನಾವಿಬ್ಬರೂ ಹೇಳಿಲ್ಲ. ಬ್ಯಾಗು ಬರುವುದು ತಡವಾಗಿ ಮಗಳು ತಂದೆಯ ಮುಖ ನೋಡಲಾಗಲಿಲ್ಲ ಎಂದೇ ಅವಳು ನಂಬಿದ್ದಾಳೆ, ಬಂದವರಿಗೆಲ್ಲ ಹಾಗೆಯೇ ಹೇಳುತ್ತಾಳೆ. ಕಳೆದ ವರ್ಷ ಆಪಾ ರಜೆಗೆ ಬಂದಿದ್ದಾಗ ಅಮ್ಮಿಯ ತಂಗಿ, ನಮ್ಮ ಖಾಲಾ, ಮನೆಗೆ ಬಂದರು. ಚಹಾ ಕುಡಿಯುತ್ತ ಅಮ್ಮಿ ಮತ್ತೆ ಅದೇ ಕತೆ ತೆಗೆದು, ವಿಮಾನದವರಿಗೆ ಶಾಪ ಹಾಕಿದಳು. ಖಾಲಾ ಆಪಾ ಕಡೆ ತಿರುಗಿ, "ಅಷ್ಟೊಂದು ಹೊತ್ತಾಯ್ತಾ ಬೇಟಾ, ಒಂದು ಬ್ಯಾಗಿಗೆ?" ಎಂದು ಕೇಳಿದರು.

ಆಪಾ ನನ್ನ ಕಡೆ ನೋಡಲಿಲ್ಲ. ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ, "ಹೌದು ಖಾಲಾ, ತುಂಬಾ ಹೊತ್ತಾಯ್ತು" ಎಂದಳು.