ಸಾಕಮ್ಮ ಕೂರುತ್ತಿದ್ದ ಮಧ್ಯಾಹ್ನಗಳು

ನಮ್ಮ ಮನೆಗೆ ಬಂದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು ಅವ್ವನನ್ನು. ಗುರುತು ಹಿಡೀತಾರಾ, ಊಟ ಮಾಡ್ತಾರಾ? ಪಕ್ಕದ ಮನೆಯ ಸಾಕಮ್ಮ ಮಾತ್ರ ಚಪ್ಪಲಿ ಬಿಡುತ್ತಲೇ ಅತ್ತಿಗೆಯ ಮುಖ ನೋಡಿ, "ನೀ ಉಂಡ್ಯಾ ರತ್ನ?" ಅನ್ನುತ್ತಿದ್ದಳು. ಉತ್ತರಕ್ಕೆ ಕಾಯುತ್ತಿರಲಿಲ್ಲ. "ಉಂಡು ಮನಿಕ್ಕೊ ಓಗು. ನಿಮ್ಮತ್ತೆ ಎಲ್ಲೂ ಓಗಕ್ಕಿಲ್ಲ, ನಾನಿವ್ನಿ."

ಗಾವಡಗೆರೆ ಕಡೆಯ ನಮ್ಮೂರಿನಲ್ಲಿ ಹೊಗೆಸೊಪ್ಪು ಕಟ್ಟಲು ಸಾಕಮ್ಮನಷ್ಟು ಚುರುಕಿನ ಕೈ ಇರಲಿಲ್ಲವಂತೆ. ಅದು ಅವಳದೇ ಮಾತು, ನಾನು ಪರೀಕ್ಷಿಸಿಲ್ಲ. ಅವ್ವನೂ ಅವಳ ಜೊತೆ ಕಟ್ಟಿದವಳು. ಅವ್ವನಿಗೆ ಮರೆವಿನ ಕಾಯಿಲೆ ಹಿಡಿದ ಮೇಲೆ, ಮಧ್ಯಾಹ್ನವಾದರೆ ಸಾಕು, "ಬ್ಯಾರನ್‌ಗೆ ಸೊಪ್ಪು ಏರಿಸ್ಬೇಕು" ಎಂದು, ಸೊಪ್ಪು ಒಣಗಿಸುವ ಬಿಸಿಗೂಡಿಗೆ ಹೊರಟವಳಂತೆ, ಬಾಗಿಲಿಗೆ ನುಗ್ಗುವಳು. ಭಾನುವಾರ ಮೈಸೂರಿನಿಂದ ಬರುತ್ತಿದ್ದ ನಾನು, "ಬ್ಯಾರನ್ ಕೆಡವಿ ಎಂಟು ವರ್ಷ ಆಯ್ತಲ್ಲವ್ವ" ಎಂದು ತಿದ್ದುತ್ತಿದ್ದೆ. ಪ್ರತಿಸಲವೂ ಅವಳಿಗೆ ಅದು ಹೊಸ ಸುದ್ದಿ, ಪ್ರತಿಸಲವೂ ಅಳು. ಸಂಜೆ ನಾನು ಬಸ್ಸು ಹತ್ತುತ್ತಿದ್ದೆ. ಅಳು ಅತ್ತಿಗೆಯ ಪಾಲಿಗೆ ಉಳಿಯುತ್ತಿತ್ತು.

ಒಂದು ದಿನ ಅತ್ತಿಗೆ ಅವ್ವನಿಗೆ ಹೊಡೆದುಬಿಟ್ಟರು. ಆಮೇಲೆ ಹಿತ್ತಲಲ್ಲಿ ಕೂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಅದನ್ನು ನಾನು ಕಂಡೆನೋ, ಕೇಳಿದ್ದನ್ನು ಕಂಡಂತೆ ನೆನೆಯುತ್ತಿದ್ದೇನೋ, ಈಗ ಖಾತ್ರಿಯಿಲ್ಲ. ಸಾಕಮ್ಮ ಬೈಯಲಿಲ್ಲ. "ನಿದ್ದೆಗೆಟ್ಟ ಕೈ ಕಣ ಅದು" ಎಂದಳು. ಮರುದಿನದಿಂದ ಉದ್ದನೆಯ ಕಡ್ಡಿ, ದಾರ, ಹೊಗೆಸೊಪ್ಪಿನ ಬದಲು ಒಂದು ಹೊರೆ ತೇಗದ ಎಲೆ ತಂದು ಅವ್ವನ ಮುಂದೆ ಹಾಕತೊಡಗಿದಳು.

ಅವ್ವನ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಎರಡೆರಡು ಎಲೆ, ಒಂದು ಗಂಟು. ಅವಳು ಕಟ್ಟುತ್ತಿರುವಷ್ಟು ಹೊತ್ತು ಅತ್ತಿಗೆ ಮಲಗುವರು. ಹೊರಡುವ ಮುನ್ನ ಸಾಕಮ್ಮ ಕೊಟ್ಟಿಗೆಯ ಹಿಂದೆ ಕೂತು ಅಷ್ಟೂ ಗಂಟು ಬಿಚ್ಚಿಡುವಳು, ನಾಳೆಗೆ ಕೆಲಸವಿರಲೆಂದು.

"ಇದು ಮೋಸ ಅಲ್ವಾ ಸಾಕಮ್ಮ?" ಎಂದಿದ್ದೆ.

"ನೀ ಓದ್ದೋನು, ದಿಟನೇ ಏಳಪ್ಪ. ಏಳ್ಬುಟ್ಟು ಬಸ್ ಅತ್ತಬ್ಯಾಡ, ಇಲ್ಲೇ ಕುಂತ್ಕೊ."

ಕಳೆದ ಕಾರ್ತಿಕದಲ್ಲಿ ಎದೆನೋವೆಂದು ಮಲಗಿದ ಸಾಕಮ್ಮ ಮತ್ತೆ ಏಳಲಿಲ್ಲ. ಅವಳನ್ನು ಮಣ್ಣು ಮಾಡಿದ ಮರುದಿನ ನಾನು ಊರಲ್ಲೇ ಉಳಿದೆ. "ಉಂಡ್ರಾ ಅತ್ತಿಗೆ?" ಎಂದೆ. ಅವರು ಒಳಗೆ ಹೋದರು.

ನಾನು ಕಡ್ಡಿ ಹಿಡಿದು ಅವ್ವನ ಪಕ್ಕ ಕೂತೆ. ನಾನು ಹಾಕಿದ ಗಂಟುಗಳೆಲ್ಲ ಜಾರಿದವು.

"ಯಾರ್ಲಾ ನೀನು, ಗಂಟಾಕಕ್ಕೂ ಬರಕ್ಕಿಲ್ವಾ? ಸಾಕಿ ಎಲ್ಲೋದ್ಲು, ಕರಿ" ಎಂದಳು ಅವ್ವ.

"ಬತ್ತಾಳೆ ಕಣವ್ವ" ಎಂದೆ.

ಒಳಗಿನಿಂದ ಸದ್ದಿರಲಿಲ್ಲ. ಅತ್ತಿಗೆ ಮಲಗಿದ್ದರೋ, ಬಾಯಿಗೆ ಸೆರಗು ಒತ್ತಿಕೊಂಡಿದ್ದರೋ. ಎದ್ದು ಹೋಗಿ ನೋಡಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಅವ್ವ ಕಟ್ಟಿದ್ದನ್ನು ಒಂದೊಂದಾಗಿ ಬಿಚ್ಚಿದೆ.