ಅಮೆರಿಕಕ್ಕೆ ಅಕ್ಕಿ, ನಮಗೆ ಮುದ್ರೆ

ಸ್ನೇಹಿತರೇ, ಜಪಾನಿನವರು ಅಮೆರಿಕವನ್ನು ಅಕ್ಕಿಯ ದೇಶ ಎಂದು ಬರೆಯುತ್ತಾರಂತೆ! ಇವತ್ತು ಇಲ್ಲಿ ಕೆನ್ಯಾದಲ್ಲಿ, ಅಪ್ಪರ್ ಹಿಲ್‌ನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಜಪಾನಿ ಸಹೋದ್ಯೋಗಿ ಕೆಂಜಿ ಹೇಳಿದ. ಅವರ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥ; ಫ್ರಾನ್ಸಿಗೆ ಬರೆಯುವ ಅಕ್ಷರಕ್ಕೆ ಬುದ್ಧ ಎಂಬ ಅರ್ಥವಂತೆ.

"ಇಂಡಿಯಾಗೆ?" ಎಂದೆ.

"ಮುದ್ರೆ. ಸ್ಟಾಂಪ್."

ನನ್ನ ಡಬ್ಬಿಯಲ್ಲಿದ್ದದ್ದು ಮೊಸರನ್ನ. "ಅಕ್ಕಿ ನಮ್ದು, ಬುದ್ಧ ನಮ್ಮೋನು. ಯಾರಪ್ಪಾ ಹಂಚಿದ್ದು ಇದನ್ನ?"

"ಅರ್ಥ ನೋಡಿ ಅಲ್ಲ, ಉಚ್ಚಾರಣೆ ನೋಡಿ ಆರಿಸಿದ್ದು."

ನಂಬದೆ ಮೊಬೈಲಿನಲ್ಲಿ ಹುಡುಕಿದೆ. ನಿಜವೇ. ಆದರೂ ಅನುಮಾನ ಹೋಗಲಿಲ್ಲ.

ಪಕ್ಕದಲ್ಲಿದ್ದ ಇಲ್ಲಿಯವಳೇ ಆದ ವಂಜಿರು, "ನಮ್ಮ ಕೆನ್ಯಾಗೆ?" ಎಂದಳು.

"ಅಂಥ ಅಕ್ಷರ ಇಲ್ಲ. ಕಿವಿಗೆ ಕೇಳಿದ ಹಾಗೆ ಬರೀತೀವಿ."

"ಸವಾ, ಸರಿ ಬಿಡಿ. ನೀವಾದ್ರೂ ನಮ್ಮನ್ನ ನಮ್ಮ ಪಾಡಿಗೆ ಬಿಟ್ರಲ್ಲ!"

ನಾನು ಮಾತ್ರ ಮೊಸರನ್ನದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅದೂ ಅಮೆರಿಕದ್ದು ಎಂದುಬಿಟ್ಟರೆ?